ಮಳೆಗಾಲದ ಮಬ್ಬುಗಾಜು: ಶಾಲಾ ವಾಹನದ ಬ್ಲೋವರು ನಮಗೆ ಕಲಿಸಿದ ಪಾಠ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಈ ಸ್ಮರಣ ಸಂಚಿಕೆಯನ್ನು ತೆರೆದಾಗ, ಮುಖ್ಯಾಧ್ಯಾಪಿಕೆಯ ಲೇಖನಿಯಿಂದ ಪರೀಕ್ಷೆಯ ಫಲಿತಾಂಶವನ್ನೋ ಶಿಸ್ತಿನ ವಿಚಾರವನ್ನೋ ನಿರೀಕ್ಷಿಸುವದು ಸಹಜವೇ. ಆದರೆ ಈ ಸಾರೆ ನಾವು ಮೋಟಾರು ವಾಹನದೊಳಗಿನ ಒಂದು ಸಣ್ಣ ಯಂತ್ರದ ವಿಷಯವಾಗಿ ಬರೆಯಬೇಕೆಂದು ನಿಶ್ಚಯಿಸಿದ್ದೇವೆ. ಅದು ಹೀಟರಿನ ಬ್ಲೋವರು, ಅಂದರೆ ಬಿಸಿ ಗಾಳಿಯನ್ನು ಊದುವ ಪಂಖ. ಇಂಥ ವಿಷಯವು ಕನ್ಯಾಶಾಲೆಯ ಪುಸ್ತಕದಲ್ಲಿ ಯಾಕೆ ಎಂದು ಕೆಲವರು ನಗಬಹುದು. ಪೂರ್ತಿಯಾಗಿ ಓದಿದ ತರುವಾಯ ಅವರು ನಗಲಾರರೆಂದು ನಮ್ಮ ನಂಬಿಕೆ. ಯಾಕಂದರೆ ಈ ಲೇಖನದ ಹಿಂದೆ ನಮ್ಮದೇ ಒಂದು ತಪ್ಪು ಇರುವದು; ಆ ತಪ್ಪಿನ ಬೆಲೆಯನ್ನು ನಿಮ್ಮ ಮಕ್ಕಳು ಕೊಡಬೇಕಾದ ಪ್ರಸಂಗವು ಕೂದಲೆಳೆಯಷ್ಟರಲ್ಲಿ ತಪ್ಪಿತು.

ಲಾರಿಯ ಚಾಸಿಯ ಮೇಲೆ ಕಟ್ಟಿಸಿದ ನಮ್ಮ ಹಳೆಯ ಶಾಲಾ ವಾಹನವನ್ನು ನೀವೆಲ್ಲರೂ ಬಲ್ಲಿರಿ. ಒಂದು ವರುಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ವಾರದಲ್ಲಿಯೇ ಅದರ ಚಾಲಕರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾವ್ರ, ಬ್ಲೋವರ್ ಗಾಳಿ ಬರವಲ್ದು. ಮಳಿಯಾಗ ಗಾಜು ಮಬ್ಬಾಗತೈತಿ, ಮುಂದಿಂದು ಕಾಣವಲ್ದು" ಎಂದು ಹೇಳಿದರು. ಹೀಟರಿಗೆ ಸಂಬಂಧಪಟ್ಟ ಯಂತ್ರವೆಂದು ಕೇಳಿದೊಡನೆ ನಮಗೆ ಸ್ವಲ್ಪ ನಗುವೇ ಬಂತು. ಹುಬ್ಬಳ್ಳಿ ಧಾರವಾಡಗಳಲ್ಲಿ ಹೀಟರು ಯಾರಿಗೆ ಬೇಕು? ಇದೇನು ಹಿಮ ಬೀಳುವ ದೇಶವೇ? ಆದರೂ ಅವರ ಮಾತಿಗೆ ಬೆಲೆ ಕೊಟ್ಟೆವೆಂದು ತೋರಿಸುವದಕ್ಕಾಗಿ ವಾಹನವನ್ನು ಒಂದು ಗ್ಯಾರೇಜಿಗೆ ಕಳುಹಿಸಿದೆವು. ಅಲ್ಲಿ ಮೋಟರು ಕೆಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿದರು. ಎರಡು ವಾರ ನಡೆದು ಅದೂ ನಿಂತಿತು. ಇನ್ನೊಂದು ಮೋಟರು ಹಾಕಿಸಿದೆವು. ಅದೂ ಕೆಲವು ದಿನಗಳಲ್ಲಿ ನಿಂತಿತು. ಚಾಲಕರು ಮೂರನೆಯ ಸಾರೆ ಬಂದಾಗ ನಾವು ಬೇಸತ್ತು, ಗಾಜನ್ನು ಅರಿವೆಯಿಂದ ಒರಸಿಕೊಳ್ಳಿರಿ ಎಂದು ಹೇಳಿ ಕಳುಹಿಸಿಬಿಟ್ಟೆವು.

ಆ ವರುಷದ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ಜನ ಹುಡುಗಿಯರನ್ನೂ ಇಬ್ಬರು ಶಿಕ್ಷಕಿಯರನ್ನೂ ಕರೆದುಕೊಂಡು ಯಲ್ಲಾಪುರದ ಹತ್ತಿರದ ಮಾಗೋಡು ಜಲಪಾತವನ್ನು ನೋಡಲು ಹೋಗಿದ್ದೆವು. ತಿರುಗಿ ಬರುವಾಗ ಕತ್ತಲಾಯಿತು. ಕಾಡಿನ ರಸ್ತೆ, ಜಡಿಮಳೆ. ತೋಯ್ದ ಬಟ್ಟೆಯಲ್ಲಿದ್ದ ಮಕ್ಕಳು ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಹಾಡುತ್ತ ಕುಳಿತಿದ್ದರು. ಮುಂದಿನ ಗಾಜು ಹಾಲು ಬಳಿದಂತೆ ಬೆಳ್ಳಗಾಯಿತು. ಚಾಲಕರು ಒಂದು ಕೈಯಲ್ಲಿ ಸ್ಟಿಯರಿಂಗು ಹಿಡಿದು ಇನ್ನೊಂದು ಕೈಯಿಂದ ಗಾಜನ್ನು ಒರಸುತ್ತಿದ್ದರು. ಒರಸಿದ ಕ್ಷಣದಲ್ಲಿಯೇ ಅದು ತಿರುಗಿ ಮಬ್ಬಾಗುತ್ತಿತ್ತು. ಕಿರವತ್ತಿಯನ್ನು ಸಮೀಪಿಸುವಾಗ, ದೀಪವಿಲ್ಲದೆ ರಸ್ತೆಯ ಬದಿಗೆ ಕೆಟ್ಟು ನಿಂತಿದ್ದ ಒಂದು ಲಾರಿಯು ಒಮ್ಮೆಲೆ ಎದುರಿಗೆ ಕಂಡಿತು. ಬ್ರೇಕು ಹಾಕಿದ ರಭಸಕ್ಕೆ ಮಕ್ಕಳು ಮುಂದಿನ ಸೀಟುಗಳಿಗೆ ಬಡಿದರು. ವಾಹನವು ಲಾರಿಗೆ ಒಂದು ಮಾರಿನ ಅಂತರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಾಡು ಮಾತ್ರ ನಿಂತುಹೋಯಿತು. ಚಾಲಕರು ನಮ್ಮ ಕಡೆಗೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಅವರು ಹೇಳಬೇಕಾದದ್ದನ್ನು ಜೂನ್ ತಿಂಗಳಲ್ಲಿಯೇ ಹೇಳಿದ್ದರು.

ಆ ರಾತ್ರಿ ನಮಗೆ ತಿಳಿದದ್ದು ಇಷ್ಟು: ಈ ಯಂತ್ರವು ನಮ್ಮ ಸೀಮೆಯಲ್ಲಿ ಮೈ ಕಾಯಿಸುವದಕ್ಕಾಗಿ ಇರುವದಲ್ಲ, ಕಣ್ಣು ಕಾಣಿಸುವದಕ್ಕಾಗಿ ಇರುವದು. ಇದನ್ನು ಮನದಟ್ಟು ಮಾಡಿಕೊಳ್ಳಲು ಮೊದಲು ಗಾಜು ಯಾಕೆ ಮಬ್ಬಾಗುತ್ತದೆಂಬದನ್ನು ವಿಚಾರಿಸೋಣ.

ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಯಾವಾಗಲೂ ಇರುತ್ತದೆ. ಗಾಳಿಯು ಎಷ್ಟು ಬೆಚ್ಚಗಿರುವದೋ ಅಷ್ಟು ಹೆಚ್ಚು ಆವಿಯು ಅದರಲ್ಲಿ ಇರಬಲ್ಲದು. ಒಂದು ಘನಮೀಟರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 30 ಗ್ರಾಂ ಆವಿಯು ಇರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. 10 ಡಿಗ್ರಿಯಲ್ಲಿ 9 ಗ್ರಾಂಗಿಂತ ಸ್ವಲ್ಪ ಹೆಚ್ಚು. ಮಕ್ಕಳ ಉಸಿರಿನಿಂದಲೂ ಒದ್ದೆ ಬಟ್ಟೆಗಳಿಂದಲೂ ಮುಚ್ಚಿದ ವಾಹನದೊಳಗಿನ ಗಾಳಿಯು ಬೆಚ್ಚಗೂ ತೇವವಾಗಿಯೂ ಆಗುತ್ತದೆ. ಹೊರಗಿನ ಮಳೆಯಿಂದ ತಣ್ಣಗಾದ ಗಾಜಿಗೆ ಆ ಗಾಳಿಯು ತಗಲಿದಾಗ ತಾನೂ ತಣ್ಣಗಾಗಿ, ಹಿಡಿಯಲಾರದ ಆವಿಯನ್ನು ಸೂಕ್ಷ್ಮ ಹನಿಗಳಾಗಿ ಗಾಜಿನ ಮೇಲೆ ಬಿಟ್ಟುಬಿಡುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವದೂ ಹುಲ್ಲಿನ ಮೇಲೆ ಇಬ್ಬನಿ ಕೂಡುವದೂ ಇದೇ ಕಾರಣದಿಂದ.

ಬ್ಲೋವರು ಮಾಡುವ ಉಪಕಾರವನ್ನು ಲೆಕ್ಕದಿಂದಲೇ ತೋರಿಸಬಹುದು. ಮಳೆಯ ಹೊತ್ತಿನಲ್ಲಿ ಹೊರಗಿನ ಗಾಳಿಯು 22 ಡಿಗ್ರಿಯಲ್ಲಿ ಪೂರಾ ತೇವವಾಗಿದ್ದರೂ ಅದರ ಒಂದು ಘನಮೀಟರಿನಲ್ಲಿ ಇರುವ ಆವಿ ಸುಮಾರು 19 ಗ್ರಾಂ ಮಾತ್ರ. ಅದೇ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಸುಮಾರು 51 ಗ್ರಾಂವರೆಗೆ ಹಿಡಿಯುವ ಶಕ್ತಿ ಬರುತ್ತದೆ. ಹೀಗೆ ಹಸಿದ ಗಾಳಿಯು ಗಾಜಿನ ಮೇಲೆ ಹರಿದು ಅಲ್ಲಿಯ ಹನಿಗಳನ್ನು ಕುಡಿದುಬಿಡುತ್ತದೆ. ಅಲ್ಲದೆ ಗಾಜನ್ನೂ ಬೆಚ್ಚಗೆ ಮಾಡುತ್ತದೆ. 2018ರಲ್ಲಿ ನಮ್ಮ ಅವಳಿ ನಗರಗಳ ನಡುವೆ ಓಡಲಾರಂಭಿಸಿದ ಚಿಗರಿ ಬಸ್ಸುಗಳಂಥ ಹವಾನಿಯಂತ್ರಿತ ವಾಹನಗಳಲ್ಲಿ ಗಾಳಿಯನ್ನು ತಣ್ಣನೆಯ ಸುರುಳಿಯ ಮೇಲೆ ಹಾಯಿಸಿ ನೀರನ್ನು ಮೊದಲೇ ಹಿಂಡಿ ತೆಗೆಯುವರು. ಆದರೆ ಗಾಳಿಯನ್ನು ದೂಡುವ ಪಂಖವು ಅಲ್ಲಿಯೂ ಬೇಕೇ ಬೇಕು.

ಈ ಸಾಧನಗಳ ಚರಿತ್ರೆಯಲ್ಲಿ ನಮ್ಮ ಹುಡುಗಿಯರು ನೆನಪಿಡತಕ್ಕ ಎರಡು ಹೆಸರುಗಳಿವೆ. ಅಮೇರಿಕದ ಶಿಕಾಗೋ ನಗರದ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆಯು 1893ರಲ್ಲಿ ಗಾಡಿಯ ಒಳಭಾಗವನ್ನು ಬೆಚ್ಚಗಿಡುವ ಸಾಧನಕ್ಕೆ ಪೇಟೆಂಟು ಪಡೆದಳು. ನ್ಯೂಯಾರ್ಕಿನಲ್ಲಿ ಹಿಮದ ಮಳೆಯಲ್ಲಿ ಟ್ರಾಮಿನ ಚಾಲಕನು ಕಷ್ಟಪಡುವದನ್ನು ನೋಡಿದ ಮೇರಿ ಆಂಡರ್ಸನ್ ಎಂಬ ಮತ್ತೊಬ್ಬ ಮಹಿಳೆಯು, ಒಳಗೆ ಕುಳಿತೇ ಗಾಜಿನ ಹೊರಮೈಯನ್ನು ಒರಸುವ ಸಾಧನಕ್ಕೆ 1903ರಲ್ಲಿ ಪೇಟೆಂಟು ಪಡೆದಳು. ಚಾಲಕನ ಕಷ್ಟವನ್ನು ಒಬ್ಬ ಪ್ರಯಾಣಿಕಳು ಕಣ್ಣಿಟ್ಟು ನೋಡಿದ್ದರಿಂದ ವೈಪರು ಹುಟ್ಟಿತು. ನಾವು ಅದೇ ಕಷ್ಟವನ್ನು ಕಿವಿಯಿಂದ ಕೇಳಿಯೂ ನೋಡಲಿಲ್ಲವೆಂಬದು ನಮ್ಮನ್ನು ಬಹು ದಿನ ಚುಚ್ಚಿತು.

ಇನ್ನು ಯಂತ್ರದ ರಚನೆಗೆ ಬರೋಣ. ಇಂಜಿನ್ನನ್ನು ತಣ್ಣಗಿಡುವದಕ್ಕಾಗಿ ಅದರ ಸುತ್ತ ಹರಿಯುವ ನೀರು, ಅಂದರೆ ಕೂಲಂಟು, ಸಾಧಾರಣವಾಗಿ 80ರಿಂದ 90 ಡಿಗ್ರಿಯವರೆಗೆ ಬಿಸಿಯಾಗಿರುತ್ತದೆ. ಅದರಲ್ಲಿ ಒಂದು ಪಾಲು ರಬ್ಬರು ನಳಿಕೆಗಳ ಮೂಲಕ ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದು ಪುಟ್ಟ ರೇಡಿಯೇಟರಿಗೆ ಬರುತ್ತದೆ. ಬ್ಲೋವರಿನ ಪಂಖವು ಹೊರಗಿನ ಗಾಳಿಯನ್ನು ಎಳೆದು ಈ ಪುಟ್ಟ ರೇಡಿಯೇಟರಿನ ಮೂಲಕ ದೂಡಿ ಗಾಜಿನ ಬುಡದ ಸೀಳುಗಳಿಂದ ಹೊರಗೆ ಬಿಡುತ್ತದೆ. ಪಂಖವನ್ನು ತಿರುಗಿಸುವದು ವಿದ್ಯುತ್ತಿನ ಮೋಟರು. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಫ್ಯೂಜು, ಸ್ವಿಚ್ಚು, ವೇಗವನ್ನು ಕಡಿಮೆ ಮಾಡುವ ರೆಸಿಸ್ಟರು ಇವುಗಳನ್ನು ದಾಟಿ ಮೋಟರಿಗೆ ಬಂದು, ಅಲ್ಲಿಂದ ಅರ್ಥಿಂಗಿನ ವಾಯರಿನ ಮೂಲಕ ಗಾಡಿಯ ಕಬ್ಬಿಣದ ಮೈಗೆ ಸೇರಿ, ಆ ಮೈಯ ಮೂಲಕವೇ ತಿರುಗಿ ಬ್ಯಾಟರಿಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚ್ಚೂ ರೆಸಿಸ್ಟರೂ ಮೋಟರಿನ ಆಚೆಗೆ, ಅರ್ಥಿಂಗಿನ ಬದಿಗೆ ಇರುತ್ತವೆ. ಕ್ರಮವು ಬೇರೆಯಾದರೂ ತತ್ತ್ವವು ಒಂದೇ. ನಮ್ಮ ವಾಹನದಂಥ ಸಣ್ಣ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. ದೊಡ್ಡ ಲಾರಿ ಬಸ್ಸುಗಳದು 24 ವೋಲ್ಟಿನದು.

ಈ ಮಾರ್ಗವನ್ನು ಅರಿತವರಿಗೆ ದೋಷವನ್ನು ಹುಡುಕುವದು ಕಠಿಣವಲ್ಲ. ಆದರೆ ಹುಡುಕುವ ಮೊದಲು ಕೈಯ ಬಂಗಾರದ ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು. 12 ವೋಲ್ಟು ನಮ್ಮನ್ನು ಹೊಡೆಯಲಾರದು, ನಿಜ. ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಲೋಹದ ಬಳೆಯು ಸಿಕ್ಕರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಕೈಯನ್ನು ಸುಡುವದು. ವಾಯರನ್ನು ಬಿಚ್ಚಿ ಕಟ್ಟುವ ಕೆಲಸವಿದ್ದಲ್ಲಿ ಬ್ಯಾಟರಿಯ ಋಣ ತುದಿಯನ್ನು ಮೊದಲೇ ಕಳಚಬೇಕು. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

ಮೊದಲನೆಯದಾಗಿ ಚಾಲಕನನ್ನು ವಿಚಾರಿಸಬೇಕು. ಪಂಖವು ಪೂರಾ ನಿಂತಿದೆಯೋ, ಒಂದೇ ವೇಗದಲ್ಲಿ ತಿರುಗುವದೋ, ಒಮ್ಮೊಮ್ಮೆ ನಡೆದು ಒಮ್ಮೊಮ್ಮೆ ನಿಲ್ಲುವದೋ, ತಿರುಗಿದರೂ ಗಾಳಿ ಬಾರದೋ, ಗಾಳಿ ಬಂದರೂ ಬಿಸಿಯಿಲ್ಲವೋ? ಈ ಐದು ಪ್ರಶ್ನೆಗಳ ಉತ್ತರದಲ್ಲಿಯೇ ರೋಗದ ಅರ್ಧ ನಿದಾನವು ಇರುವದು.

ಪಂಖವು ಪೂರಾ ನಿಂತಿದ್ದರೆ ಫ್ಯೂಜನ್ನು ನೋಡಬೇಕು. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಬೇಕು. ಅದೂ ಸುಟ್ಟರೆ ಒಳಗೆ ಬೇರೆ ದೋಷವಿದೆಯೆಂದು ತಿಳಿಯಬೇಕು. ಆಗ ದಪ್ಪ ಫ್ಯೂಜನ್ನಾಗಲಿ, ಸಿಗರೇಟು ಪೆಟ್ಟಿಗೆಯ ಬೆಳ್ಳಿ ಕಾಗದವನ್ನಾಗಲಿ, ತಂತಿಯ ತುಂಡನ್ನಾಗಲಿ ಸಿಕ್ಕಿಸುವ ದುರಭ್ಯಾಸವು ಬಹಳ ಕಡೆ ಇರುವದು. ಫ್ಯೂಜೆಂದರೆ ಮನೆಯ ಕಾವಲುಗಾರನಿದ್ದಂತೆ. ಕೂಗುತ್ತಾನೆಂದು ಅವನ ಬಾಯಿ ಕಟ್ಟಿದರೆ ಕಳ್ಳನು ಓಡಿಹೋಗುವನೇ? ಫ್ಯೂಜು ಸುಡದಿದ್ದರೆ ವಾಯರು ಸುಡುವದು. ವಾಯರು ಸುಟ್ಟರೆ ಗಾಡಿಯೇ ಹತ್ತಿಕೊಳ್ಳುವದು. ಫ್ಯೂಜು ಪದೇ ಪದೇ ಸುಡುವದಾದರೆ ಒಂದು ಸುಲಭ ಪರೀಕ್ಷೆಯುಂಟು. ಮೋಟರಿನ ವಾಯರನ್ನು ಬಿಚ್ಚಿಟ್ಟು, ಫ್ಯೂಜಿನ ಜಾಗದಲ್ಲಿ ಒಂದು ಟೆಸ್ಟ್ ಲ್ಯಾಂಪನ್ನು ಜೋಡಿಸಿ ಸ್ವಿಚ್ಚು ಹಾಕಬೇಕು. ಮೋಟರು ಇಲ್ಲದಾಗಲೂ ಲ್ಯಾಂಪು ಪ್ರಕಾಶವಾಗಿ ಉರಿದರೆ ಎಲ್ಲಿಯೋ ವಾಯರಿನ ಹೊದಿಕೆ ಹರಿದು ತಂತಿಯು ಗಾಡಿಯ ಮೈಗೆ ತಗಲಿದೆಯೆಂದು ಅರ್ಥ. ನಮ್ಮ ಕಡೆ ಇಲಿಗಳು ಈ ಕೆಲಸವನ್ನು ಬಹಳ ಆಸಕ್ತಿಯಿಂದ ಮಾಡುತ್ತವೆ. ಲ್ಯಾಂಪು ಉರಿಯದಿದ್ದರೆ ದೋಷವು ಮೋಟರಿನಲ್ಲಿದೆಯೆಂದು ಸಂಶಯಿಸಬೇಕು. ಯಾಕಂದರೆ ಬಿಗಿದುಕೊಂಡು ತಿರುಗಲಾರದ ಮೋಟರು ತಿರುಗುವ ಮೋಟರಿಗಿಂತ ಅನೇಕ ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುವದು.

ಪಂಖವು ಎಲ್ಲಕ್ಕಿಂತ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗಿ, ಉಳಿದ ವೇಗಗಳಲ್ಲಿ ನಿಂತರೆ, ದೋಷವು ಹೆಚ್ಚಾಗಿ ರೆಸಿಸ್ಟರಿನಲ್ಲಿಯೇ ಇರುವದು. ಇಲ್ಲಿ ಜರ್ಮನಿಯ ಶಾಲಾಮಾಸ್ತರನಾದ ಗೆಯಾರ್ಗ್ ಓಮ್ ಎಂಬವನನ್ನು ನೆನೆಯಬೇಕು. ಕಲೋನ್ ಪಟ್ಟಣದ ಹಾಯಸ್ಕೂಲಿನಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿಸುತ್ತ ಪ್ರಯೋಗಗಳನ್ನು ನಡಿಸಿದ ಅವನು 1827ರಲ್ಲಿ ತನ್ನ ಸೂತ್ರವನ್ನು ಪ್ರಕಟಿಸಿದನು: ಆಂಪಿಯರನ್ನು ಓಮಿನಿಂದ ಗುಣಿಸಿದರೆ ವೋಲ್ಟು ಬರುವದು. ಉದಾಹರಣೆಗೆ, 2 ಓಮಿನ ರೆಸಿಸ್ಟರಿನ ಮೂಲಕ 3 ಆಂಪಿಯರು ಹರಿದರೆ 6 ವೋಲ್ಟು ಅಲ್ಲಿಯೇ ಕಳೆದುಹೋಗಿ, 12ರಲ್ಲಿ ಉಳಿದ 6 ವೋಲ್ಟು ಮಾತ್ರ ಮೋಟರಿಗೆ ಸಿಕ್ಕುವದು. ಆದ್ದರಿಂದ ಮೋಟರು ಮೆಲ್ಲಗೆ ತಿರುಗುವದು. ಕಳೆದುಹೋದ ಶಕ್ತಿಯು 18 ವಾಟಿನ ಬಿಸಿಯಾಗುವದು. ಈ ಬಿಸಿಯನ್ನು ಆರಿಸುವದಕ್ಕಾಗಿಯೇ ರೆಸಿಸ್ಟರನ್ನು ಪಂಖದ ಗಾಳಿಯ ದಾರಿಯಲ್ಲಿ ಕೂಡ್ರಿಸಿರುತ್ತಾರೆ. ಗಾಳಿಯು ಕಟ್ಟಿದರೆ ಅದು ಸುಟ್ಟುಹೋಗುವದು. ಎಲ್ಲಕ್ಕಿಂತ ಹೆಚ್ಚಿನ ವೇಗಕ್ಕೆ ವಿದ್ಯುತ್ತು ರೆಸಿಸ್ಟರನ್ನು ಬಿಟ್ಟು ನೇರವಾಗಿ ಹೋಗುವದರಿಂದ ಆ ಒಂದು ವೇಗವು ಮಾತ್ರ ಉಳಿದುಕೊಳ್ಳುವದು. ಹೀಗಾದಾಗ ಹೊಸ ರೆಸಿಸ್ಟರನ್ನು ಹಾಕಿ, ಅದು ಯಾಕೆ ಸುಟ್ಟಿತೆಂಬದನ್ನೂ ವಿಚಾರಿಸಬೇಕು.

ಪಂಖವು ತಿರುಗುವ ಸಪ್ಪಳ ಬಂದರೂ ಗಾಳಿಯು ಬಾರದಿದ್ದರೆ ದಾರಿಯು ಕಟ್ಟಿದೆ. ಮುಂದಿನ ಗಾಜಿನ ಕೆಳಗಿರುವ ಗಾಳಿಯ ಜಾಳಿಗೆಯನ್ನು ನೋಡಬೇಕು. ಧಾರವಾಡದಲ್ಲಿ ಗಾಡಿಗಳನ್ನು ಹುಣಸೆ, ಬೇವು, ಗುಲ್‌ಮೊಹರು ಮರಗಳ ನೆರಳಿನಲ್ಲಿ ನಿಲ್ಲಿಸುವದು ರೂಢಿ. ಆ ಸಣ್ಣ ಎಲೆಗಳು ಜಾಳಿಗೆಯಲ್ಲಿ ಇಳಿದು, ಮಳೆಯಲ್ಲಿ ಕೊಳೆತು, ಪಂಖದ ರೆಕ್ಕೆಗಳ ನಡುವೆ ಗೊಬ್ಬರದಂತೆ ಕೂಡುವವು. ರಿಪೇರಿಯಾದ ಕೂಡಲೆ ಗಾಳಿ ಕಡಿಮೆಯಾದರೆ ಇನ್ನೊಂದು ಸಂಶಯವನ್ನೂ ಮಾಡಬೇಕು: ವಾಯರುಗಳು ಅದಲು ಬದಲಾಗಿದ್ದರೆ ಇಂಥ ಮೋಟರು ತಿರುವುಮುರುವಾಗಿ ತಿರುಗುವದು. ಗೂಡಿನಾಕಾರದ ಈ ಪಂಖವು ಹಿಂದುಮುಂದಾಗಿ ತಿರುಗಿದರೂ ಗಾಳಿಯನ್ನು ಅದೇ ಕಡೆಗೇ ದೂಡುವದು, ಆದರೆ ಬಹಳ ಬಲಹೀನವಾಗಿ. ಆದಕಾರಣ ಈ ತಪ್ಪು ಎಷ್ಟೋ ಸಾರೆ ಯಾರಿಗೂ ತಿಳಿಯುವದಿಲ್ಲ.

ಗಾಳಿಯು ಬಂದರೂ ಬಿಸಿಯಿಲ್ಲದಿದ್ದರೆ ದೋಷವು ವಿದ್ಯುತ್ತಿನದಲ್ಲ, ನೀರಿನದು. ಕೂಲಂಟು ಕಡಿಮೆಯಾಗಿರಬಹುದು, ಹೀಟರಿನ ನಳದ ವಾಲ್ವು ಮುಚ್ಚಿರಬಹುದು, ಥರ್ಮೋಸ್ಟಾಟು ತೆರೆದಂತೆಯೇ ಸಿಕ್ಕಿಕೊಂಡು ಇಂಜಿನ್ನು ಕಾಯದೆ ಇರಬಹುದು, ಪುಟ್ಟ ರೇಡಿಯೇಟರಿನಲ್ಲಿ ಕೆಸರು ತುಂಬಿರಬಹುದು. ಗಾಡಿಯೊಳಗೆ ಸಿಹಿಯಾದ ವಾಸನೆ ಬಂದು ಗಾಜಿನ ಮೇಲೆ ಎಣ್ಣೆಯಂಥ ಪದರು ಕೂತರೆ ಆ ರೇಡಿಯೇಟರು ಸೋರುತ್ತದೆಂದು ತಿಳಿಯಬೇಕು. ಇದನ್ನು ತಡಮಾಡದೆ ಸರಿಪಡಿಸಬೇಕು. ಕೂಲಂಟಿನಲ್ಲಿ ಬೆರಸುವ ಗ್ಲೈಕಾಲು ರುಚಿಗೆ ಸಿಹಿ, ಆದರೆ ವಿಷ. ಮಕ್ಕಳೂ ನಾಯಿ ಬೆಕ್ಕುಗಳೂ ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಪಟವಾದ ರೋಗ. ಒಮ್ಮೊಮ್ಮೆ ನಡೆದು ಒಮ್ಮೊಮ್ಮೆ ನಿಲ್ಲುವದು. ನಮ್ಮ ವಾಹನದ್ದು ಇದೇ ಆಗಿತ್ತು. ಇದಕ್ಕೆ ಒಂದು ಕಾರಣವು ಮೋಟರಿನೊಳಗಿನ ಕಾರ್ಬನ್ ಬ್ರಶ್ಶುಗಳು ಸವೆದಿರುವದು. ಅಂಥ ಮೋಟರನ್ನು ಮೆಲ್ಲಗೆ ಕುಟ್ಟಿದರೆ ತಿರುಗಿ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುವದು. ಮೋಟರನ್ನು ಬಿಚ್ಚಿ, ನಡುವೆ ಒಂದು ಫ್ಯೂಜನ್ನಿಟ್ಟು ನೇರವಾಗಿ ಬ್ಯಾಟರಿಗೆ ಜೋಡಿಸಿ ನೋಡಿದರೆ ಅದರ ಒಳ್ಳೆಯದು ಕೆಟ್ಟದ್ದು ಒಂದು ನಿಮಿಷದಲ್ಲಿ ಗೊತ್ತಾಗುವದು. ಈ ಒಂದು ನಿಮಿಷದ ಪರೀಕ್ಷೆಯನ್ನು ನಮ್ಮ ಎರಡು ಮೋಟರುಗಳಿಗೆ ಯಾರೂ ಮಾಡಿರಲಿಲ್ಲ. ಮಾಡಿಸಿರೆಂದು ಹೇಳುವಷ್ಟು ತಿಳುವಳಿಕೆ ನಮಗೂ ಇರಲಿಲ್ಲ.

ಮಾಗೋಡಿನಿಂದ ಬಂದ ತರುವಾಯದ ಶನಿವಾರ ಹಳೆಯ ವಿದ್ಯಾರ್ಥಿನಿಯರ ಕೂಟವಿತ್ತು. ಅಲ್ಲಿಗೆ ಬಂದವರಲ್ಲಿ ಒಬ್ಬಳು ನಮ್ಮಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಮನೆಯವರ ವಿರೋಧವಿದ್ದರೂ ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸ ಕಲಿತು, ಈಗ ಅದರಿಂದಲೇ ಸಂಸಾರ ನಡಿಸುವವಳು. ಅವಳು ಆ ಮಾರ್ಗವನ್ನು ಹಿಡಿದಾಗ ನಾವೂ ಮನಸ್ಸಿನಲ್ಲಿ, ಹುಡುಗಿಗೆ ಈ ಕೆಲಸ ಒಪ್ಪುವದೇ ಎಂದುಕೊಂಡಿದ್ದೆವು. ನಮ್ಮ ಬಾಯಿಂದ ಕಿರವತ್ತಿಯ ಸಂಗತಿಯನ್ನು ಕೇಳಿ ಅವಳು ಚಹದ ಕಪ್ಪನ್ನು ಕೆಳಗಿಟ್ಟು ವಾಹನದ ಹತ್ತಿರ ಹೋದಳು. ಮೊದಲು ಚಾಲಕರನ್ನು ಕರೆದು, ಪಂಖವು ಯಾವಾಗ ನಡೆಯುವದು, ಯಾವಾಗ ನಿಲ್ಲುವದು ಎಂದು ಕೇಳಿದಳು. ಅವರು, "ತೆಗ್ಗಿನ್ಯಾಗ ಗಾಡಿ ಕುಕ್ಕರಿಸಿದಾಗ ತಾನ ತಿರಗತೈತ್ರಿ, ಇನ್ನೊಂದು ತೆಗ್ಗಿನ್ಯಾಗ ನಿಂತ ಬಿಡತೈತಿ" ಎಂದರು. ಇದನ್ನು ಅವರು ಗ್ಯಾರೇಜಿನಲ್ಲಿಯೂ ಹೇಳಿದ್ದರಂತೆ. ಅಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ. ನಮಗೂ ಹೇಳಬೇಕೆಂದಿದ್ದರಂತೆ; ನಾವು ಹೇಳಗೊಟ್ಟಿರಲಿಲ್ಲ.

ಅವಳು ಸ್ವಿಚ್ಚು ಹಾಕಿಸಿ, ಮಲ್ಟಿಮೀಟರಿನಿಂದ ಮೋಟರಿಗೆ ಬರುವ ವಾಯರನ್ನು ಪರೀಕ್ಷಿಸಿದಳು. ಅಲ್ಲಿ 12 ವೋಲ್ಟು ಸರಿಯಾಗಿ ಇತ್ತು. ತರುವಾಯ ಮೋಟರಿನಿಂದ ಹೊರಡುವ ಅರ್ಥಿಂಗಿನ ವಾಯರಿಗೆ ಮೀಟರಿನ ಒಂದು ಮುಳ್ಳನ್ನೂ ಬ್ಯಾಟರಿಯ ಋಣ ತುದಿಗೆ ಇನ್ನೊಂದನ್ನೂ ಹಿಡಿದಳು. ಅಲ್ಲಿ ಸೊನ್ನೆಗೆ ಸಮೀಪವಾಗಿ, ಹೆಚ್ಚೆಂದರೆ ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು ಹೆಚ್ಚು ಕಡಿಮೆ ಪೂರಾ 12 ವೋಲ್ಟು ತೋರಿಸಿತು. ಅಂದರೆ ವಿದ್ಯುತ್ತು ಮೋಟರಿನವರೆಗೆ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತಿತ್ತು. ಅವಳು ನಮ್ಮ ಕಡೆಗೆ ತಿರುಗಿ, "ಟೀಚರ್, ಹೋಗೂ ದಾರಿ ಎಲ್ಲಾರೂ ನೋಡ್ಯಾರ, ತಿರಿಗಿ ಬರೂ ದಾರಿ ಯಾರೂ ನೋಡಿಲ್ಲ" ಎಂದಳು.

ಡ್ಯಾಶ್‌ಬೋರ್ಡಿನ ಹಿಂದೆ ಅರ್ಥಿಂಗಿನ ವಾಯರನ್ನು ಗಾಡಿಯ ಮೈಗೆ ಬಿಗಿದ ಒಂದು ಬೋಲ್ಟಿತ್ತು. ಮಳೆಯ ನೀರು ಸೋರಿ ಅದರ ಕೆಳಗೆಲ್ಲ ತುಕ್ಕು ಹಿಡಿದಿತ್ತು. ತುಕ್ಕು ವಿದ್ಯುತ್ತಿಗೆ ದಾರಿ ಕೊಡುವದಿಲ್ಲ. ತುಕ್ಕು ಇನ್ನೂ ಅರೆಯಾಗಿರುವಾಗಲೂ ಕೇಡು ತಪ್ಪದು: ಬರೇ 0.2 ಓಮಿನ ತಡೆಯಿದ್ದರೂ 10 ಆಂಪಿಯರು ಹರಿಯುವಾಗ 2 ವೋಲ್ಟು ಅಲ್ಲಿ ನಷ್ಟವಾಗಿ, 20 ವಾಟಿನ ಬಿಸಿಯು ಆ ಒಂದು ಬಿಂದುವಿನಲ್ಲಿ ಹುಟ್ಟುವದು. ವಾಯರಿನ ತುದಿಯು ಕಂದು ಬಣ್ಣಕ್ಕೆ ತಿರುಗಿದ್ದು ಅದರಿಂದಲೇ. ಹಾಗಾದರೆ ಹೊಸ ಮೋಟರು ಹಾಕಿದಾಗಲೆಲ್ಲ ಕೆಲವು ದಿನ ಯಾಕೆ ನಡೆಯಿತು? ಮೋಟರನ್ನು ಬದಲಿಸುವಾಗ ವಾಯರು ಅಲುಗಾಡಿ, ತುಕ್ಕು ಸ್ವಲ್ಪ ಕೆರೆದು, ಲೋಹಕ್ಕೆ ಲೋಹವು ತಾತ್ಕಾಲಿಕವಾಗಿ ತಗಲುತ್ತಿತ್ತು. ನಾವು ಔಷಧದಿಂದ ರೋಗಿಯು ಗುಣವಾದನೆಂದು ತಿಳಿದೆವು. ನಿಜವಾಗಿ ಗುಣವಾದದ್ದು ಮಗ್ಗುಲು ಬದಲಿಸಿದ್ದರಿಂದ.

ಅವಳು ಬೋಲ್ಟನ್ನು ಬಿಚ್ಚಿ, ಉಜ್ಜುಕಾಗದದಿಂದ ಲೋಹವು ಹೊಳೆಯುವವರೆಗೆ ತಿಕ್ಕಿ, ಸುಟ್ಟ ತುದಿಯನ್ನು ಕತ್ತರಿಸಿ ಹೊಸ ತುದಿಯನ್ನು ಕೂಡಿಸಿ ಬಿಗಿದು, ಮೇಲೆ ನೀರು ತಗಲದಂತೆ ವ್ಯಾಸಲೀನು ಹಚ್ಚಿದಳು. ಸ್ವಿಚ್ಚು ಹಾಕಿದೊಡನೆ ಗಾಜಿನ ಬುಡದಿಂದ ಗಾಳಿಯು ರಭಸವಾಗಿ ಬಂದು, ತಿಂಗಳುಗಳ ಧೂಳನ್ನೆಲ್ಲ ನಮ್ಮ ಮುಖಕ್ಕೆ ಎರಚಿತು. ಕೆಲಸಕ್ಕೆ ಹಿಡಿದ ಸಮಯವು ಒಂದು ತಾಸಿಗಿಂತ ಕಡಿಮೆ. ಖರ್ಚು ಉಜ್ಜುಕಾಗದದ್ದೂ ವಾಯರಿನ ತುದಿಯದ್ದೂ ಮಾತ್ರ. ಗ್ಯಾರೇಜಿನಿಂದ ತಿರುಗಿ ತಂದಿಟ್ಟಿದ್ದ ಹಳೆಯ ಎರಡು ಮೋಟರುಗಳನ್ನು ಅವಳು ಬ್ಯಾಟರಿಗೆ ಹಚ್ಚಿ ತೋರಿಸಿದಳು. ಎರಡೂ ಚೆನ್ನಾಗಿಯೇ ತಿರುಗಿದವು.

ಪ್ರಿಯ ವಾಚಕರೇ, ನಮ್ಮನ್ನು ನಾಚಿಸಿದ್ದು ಆ ಖರ್ಚಲ್ಲ. ವಿದ್ಯುನ್ಮಂಡಲವು ಪೂರ್ತಿಯಾದ ಹೊರತು ವಿದ್ಯುತ್ತು ಹರಿಯದೆಂಬ ಪಾಠವನ್ನು ಈ ಹುಡುಗಿಗೆ ಒಂಬತ್ತನೆಯ ಇಯತ್ತೆಯಲ್ಲಿ, ಟಾರ್ಚಿನ ಬಲ್ಬು ಮತ್ತು ಎರಡು ತಂತಿಗಳನ್ನಿಟ್ಟುಕೊಂಡು ಕಲಿಸಿದವರು ನಾವೇ. ಪ್ರತಿವರುಷ ಕಲಿಸುತ್ತಲೂ ಇದ್ದೇವೆ. ಆದರೆ ಅದೇ ಪಾಠವು ನಮ್ಮ ಶಾಲೆಯ ಅಂಗಳದಲ್ಲಿ ತುಕ್ಕುಹಿಡಿದು ನಿಂತಾಗ ನಾವು ಅದನ್ನು ಗುರುತಿಸಲಿಲ್ಲ. ಕಲಿಸಿದವರ ಹತ್ತಿರ ಪುಸ್ತಕದಲ್ಲಿ ಉಳಿದದ್ದು ಕಲಿತವಳ ಹತ್ತಿರ ಕೈಗೆ ಇಳಿದಿತ್ತು.

ಈಗ ನಾವು ಮಾಡಿಕೊಂಡ ಏರ್ಪಾಡನ್ನು ತಿಳಿಸುವೆವು. ಮೇ ತಿಂಗಳ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು, ವಾಹನದ ವೈಪರು, ದೀಪ, ಬ್ರೇಕುಗಳ ಜೊತೆಗೆ ಬ್ಲೋವರನ್ನು ಎಲ್ಲ ವೇಗಗಳಲ್ಲಿ ನಡಿಸಿ ನೋಡುತ್ತೇವೆ. ಗಾಳಿಯ ಜಾಳಿಗೆಯ ಎಲೆಗಳನ್ನು ತೆಗೆಸುತ್ತೇವೆ. ಮುಂದಿನ ಗಾಜಿನ ಒಳಮೈಯನ್ನು ಸಾಬೂನಿನಿಂದ ತೊಳೆಸಿ ಒಣ ಅರಿವೆಯಿಂದ ಹೊಳಪಾಗಿ ಒರಸಿಸುತ್ತೇವೆ, ಯಾಕಂದರೆ ಹೊಲಸು ಗಾಜು ಬೇಗ ಮಬ್ಬಾಗುವದು. ಚಾಲಕರು ಹೇಳಿದ ದೋಷವನ್ನು ಅವರ ಮಾತಿನಲ್ಲಿಯೇ ಬರೆದಿಡುವದಕ್ಕೆ ಒಂದು ವಹಿಯನ್ನು ಇಟ್ಟಿದ್ದೇವೆ. ವಾಹನವು ರಿಪೇರಿಗೆ ಹೋಗುವಾಗ ಆ ವಹಿಯೂ ಹೋಗುವದು. ದಾರಿಯಲ್ಲಿ ಬ್ಲೋವರು ಕೆಟ್ಟರೆ ಎರಡೂ ಬದಿಯ ಕಿಟಕಿಗಳನ್ನು ನಾಲ್ಕು ಬೆರಳು ತೆರೆದು, ಹೊರಗಿನ ಗಾಳಿ ಒಳಗೆ ಆಡುವಂತೆ ಮಾಡಬೇಕೆಂದೂ, ಆದರೂ ಕಾಣದಿದ್ದರೆ ಸುರಕ್ಷಿತವಾದ ಜಾಗದಲ್ಲಿ ದೀಪ ಮಿನುಗಿಸುತ್ತ ನಿಲ್ಲಬೇಕೆಂದೂ ಅಪ್ಪಣೆಯಾಗಿದೆ. ಮಕ್ಕಳು ತಡವಾಗಿ ಮನೆಗೆ ಬಂದರೆ ಪಾಲಕರು ನಮ್ಮ ಮೇಲೆ ಸಿಟ್ಟಾಗಲಿ. ಆ ಸಿಟ್ಟನ್ನು ನಾವು ಸಂತೋಷದಿಂದ ಹೊರುವೆವು.

ನಿಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಲಾರಿ, ಟೆಂಪೊ, ಕಾರುಗಳಿವೆ. ಕಲಘಟಗಿ, ಯಲ್ಲಾಪುರಗಳ ಮೇಲಿಂದ ಅರಬೈಲು ಘಟ್ಟವನ್ನು ಇಳಿದು ಅಂಕೋಲೆಗೆ ಸರಕು ಒಯ್ಯುವ ಮನೆತನಗಳೂ ಇವೆ. ಈ ಸಣ್ಣ ಪಂಖವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ ತಿರುಗಿಸಿ ನೋಡಿರಿ. ನಿಮ್ಮ ಗಾಡಿಯನ್ನು ನಡಿಸುವವನು ಏನಾದರೂ ಹೇಳಲು ಬಾಗಿಲಲ್ಲಿ ನಿಂತರೆ ಪೂರಾ ಕೇಳಿಕೊಳ್ಳಿರಿ. ಮಗಳು ಸ್ಕ್ರೂಡ್ರೈವರು ಹಿಡಿದು ಏನನ್ನಾದರೂ ಬಿಚ್ಚುತ್ತ ಕುಳಿತಿದ್ದರೆ, ಬಳೆಯನ್ನು ತೆಗೆದಿಡು ಎಂದು ಮಾತ್ರ ಹೇಳಿರಿ. ಕೆಲಸವನ್ನು ಬಿಡು ಎಂದು ಹೇಳಬೇಡಿರಿ.

ಆ ಎರಡು ಮೋಟರುಗಳಲ್ಲಿ ಒಂದನ್ನು ನಾವು ವಿಜ್ಞಾನದ ಕೋಣೆಯ ಮೇಜಿನ ಮೇಲೆ ಇರಿಸಿದ್ದೇವೆ. ಪಕ್ಕದಲ್ಲಿ ಒಂದು ಬ್ಯಾಟರಿ, ಒಂದು ಫ್ಯೂಜು, ಒಂದು ಸ್ವಿಚ್ಚು, ಮತ್ತು ಬೇಕೆಂದೇ ಹಾಗೆಯೇ ಬಿಟ್ಟ ಒಂದು ತುಕ್ಕುಹಿಡಿದ ಬೋಲ್ಟು. ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೆ ಈಗ ಟಾರ್ಚಿನ ಬಲ್ಬಿನ ಬದಲು ಇದನ್ನೇ ಕೊಡುತ್ತೇವೆ. ಮೋಟರು ಯಾಕೆ ತಿರುಗದೆಂದು ಅವರೇ ಹುಡುಕಬೇಕು. ಪಾಠದ ದಿವಸ ನಮ್ಮ ಚಾಲಕರೂ ಬಂದು ಬಾಗಿಲ ಹತ್ತಿರ ನಿಂತು ನೋಡುತ್ತಾರೆ. ಅವರಿಗಾಗಿ ಅಲ್ಲಿ ಒಂದು ಕುರ್ಚಿಯನ್ನು ಹಾಕಿಸಿದ್ದೇವೆ.